ಕಠಿಣ ವ್ಯಾಯಾಮದ ಅನಂತರ ಸ್ನಾಯುಗಳ ಚೇತರಿಕೆ

ಠಾಣೆ ಜಿಲ್ಲೆಯ ಡೊಂಬಿವಲಿ ಎಂಐಡಿಸಿಯಲ್ಲಿ ರಾಸಾಯನಿಕ, ಜವಳಿ ಸಂಸ್ಕರಣ ಹಾಗೂ ಎಂಜಿನಿಯರಿಂಗ್ ಕಾರ್ಖಾನೆಗಳ ಜೊತೆಗೆ ವಸತಿ ವಿಭಾಗವೂ ಇದೆ. ಇಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿದಂತೆ ಅನೇಕರು ಪಾಳಿಯ ಕೆಲಸ ಮತ್ತು ರೈಲು ಪ್ರಯಾಣದ ನಡುವೆ ಬಿಡುವು ಮಾಡಿಕೊಂಡು ವ್ಯಾಯಾಮದಲ್ಲಿ ತೊಡಗುತ್ತಾರೆ. ಪೊಲೀಸ್ ಪೇದೆ ಹುದ್ದೆಯ ಆಕಾಂಕ್ಷಿಗಳು 1600 ಮೀಟರ್ ಓಟದ ಪರೀಕ್ಷೆಗಾಗಿ ಅಭ್ಯಾಸ ನಡೆಸುತ್ತಾರೆ. 2019ರ ಆಗಸ್ಟ್ 29ರಂದು ಆರಂಭವಾದ ಫಿಟ್ ಇಂಡಿಯಾ ಆಂದೋಲನದ ಆಶಯವೂ ವ್ಯಾಯಾಮವು ಜನರ ದಿನಚರಿಯ ಭಾಗವಾಗಬೇಕೆಂಬುದೇ ಆಗಿದೆ. ಆದರೆ ಅಭ್ಯಾಸವಿಲ್ಲದ ದೇಹಕ್ಕೆ ಒಮ್ಮೆಲೇ ಅತಿಯಾದ ಶ್ರಮ ನೀಡಿದವರು ಎರಡನೆಯ ದಿನ ಮೆಟ್ಟಿಲು ಇಳಿಯಲೂ ಕಷ್ಟಪಡುತ್ತಾರೆ. ಈ ನೋವಿನ ಸ್ವರೂಪವನ್ನು ಅರಿಯದೆ ಕೆಲವರು ವ್ಯಾಯಾಮವನ್ನೇ ತ್ಯಜಿಸಿದರೆ, ಮತ್ತೆ ಕೆಲವರು ಅಪಾಯದ ಸೂಚನೆಗಳನ್ನೂ ಕಡೆಗಣಿಸುತ್ತಾರೆ.

ನೋವಿಗೆ ಕಾರಣವೇನು?

ವ್ಯಾಯಾಮದ ಕಾಲದಲ್ಲಿ ಸಂಗ್ರಹವಾಗುವ ಲ್ಯಾಕ್ಟಿಕ್ ಆಮ್ಲವೇ ಮರುದಿನದ ನೋವಿಗೆ ಕಾರಣವೆಂಬ ನಂಬಿಕೆ ವ್ಯಾಪಕವಾಗಿದೆ. ಇದು ಸರಿಯಲ್ಲ. ರಕ್ತದಲ್ಲಿ ಹೆಚ್ಚಿದ ಲ್ಯಾಕ್ಟೇಟ್ ಪ್ರಮಾಣವು ಸಾಮಾನ್ಯವಾಗಿ ಒಂದೆರಡು ಗಂಟೆಗಳೊಳಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ನೋವಾದರೋ 24ರಿಂದ 72 ಗಂಟೆಗಳ ಅವಧಿಯಲ್ಲಿ ಅತ್ಯಧಿಕವಾಗಿರುತ್ತದೆ. ತಡವಾಗಿ ಕಾಣಿಸಿಕೊಳ್ಳುವ ಈ ನೋವು ಸ್ನಾಯುವಿನೊಳಗೇ ಆಗುವ ಸೂಕ್ಷ್ಮ ಹಾನಿಯಿಂದ ಉಂಟಾಗುತ್ತದೆಂದು ಅಮೆರಿಕದ ಥಿಯೋಡರ್ ಹಾಫ್ 1902ರಷ್ಟು ಹಿಂದೆಯೇ ಸೂಚಿಸಿದ್ದರು.

ಭಾರ ಹೊತ್ತಿರುವಾಗಲೇ ಸ್ನಾಯು ಉದ್ದವಾಗಬೇಕಾದ ಕೆಲಸಗಳಲ್ಲಿ ಈ ಹಾನಿ ಹೆಚ್ಚು. ಕಲ್ಯಾಣ ಸಮೀಪದ ಮಲಂಗಗಡವನ್ನು ಹತ್ತುವಾಗ ಏದುಸಿರು ಬರುತ್ತದೆ. ಆದರೆ ತೊಡೆಗಳಲ್ಲಿ ನೋವು ಉಳಿಸುವುದು ಮುಖ್ಯವಾಗಿ ಇಳಿಯುವಿಕೆ. ರೈಲು ನಿಲ್ದಾಣದ ಮೇಲ್ಸೇತುವೆಯ ಮೆಟ್ಟಿಲು ಇಳಿಯುವುದು, ಭಾರವಾದ ಚೀಲವನ್ನು ನಿಧಾನವಾಗಿ ಕೆಳಗಿಡುವುದು ಇದೇ ಬಗೆಯ ಕ್ರಿಯೆಗಳು. ಹಾನಿಗೊಂಡ ಭಾಗವನ್ನು ದೇಹವು ತಾನೇ ದುರಸ್ತಿಗೊಳಿಸುತ್ತದೆ. ಕೆಲವು ದಿನಗಳ ಅನಂತರ ಅದೇ ವ್ಯಾಯಾಮವನ್ನು ಮಾಡಿದಾಗ ನೋವು ಗಮನಾರ್ಹವಾಗಿ ಕಡಿಮೆಯಿರುತ್ತದೆ.

ಅಂಗಗಳನ್ನು ಚಾಚುವುದರಿಂದ ಪ್ರಯೋಜನವೆಷ್ಟು?

ಸ್ಟ್ರೆಚಿಂಗ್ ಎಂದು ಕರೆಯಲಾಗುವ ಚಾಚುವ ವ್ಯಾಯಾಮದಿಂದ ಈ ನೋವನ್ನು ತಡೆಯಬಹುದೆಂದು ಬಹುಜನ ನಂಬಿದ್ದಾರೆ. 12 ಅಧ್ಯಯನಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಲಾದ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ವ್ಯಾಯಾಮಕ್ಕೆ ಮೊದಲಾಗಲಿ ಅನಂತರವಾಗಲಿ ಅಂಗಗಳನ್ನು ಚಾಚುವುದರಿಂದ ನೋವು ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ತಗ್ಗುತ್ತದೆ. 100 ಅಂಕಗಳ ಮಾಪಕದಲ್ಲಿ ಈ ವ್ಯತ್ಯಾಸವು ಸುಮಾರು 4 ಅಂಕಗಳನ್ನು ಮೀರಲಿಲ್ಲ.

ಹಾಗೆಂದು ಚಾಚುವ ವ್ಯಾಯಾಮ ನಿರರ್ಥಕವೆಂದು ಭಾವಿಸಬಾರದು. ಕೀಲುಗಳ ಚಲನೆಯ ವ್ಯಾಪ್ತಿಯನ್ನು ಅದು ಹೆಚ್ಚಿಸುತ್ತದೆ. ಇಡೀ ಪಾಳಿ ನಿಂತೇ ದುಡಿದವರಿಗೆ ಮೈಬಿಗಿತ ಸಡಿಲಗೊಂಡ ಹಿತವನ್ನೂ ನೀಡುತ್ತದೆ. ಮೀನಖಂಡ, ತೊಡೆ ಮತ್ತು ಸೊಂಟದ ಸ್ನಾಯುಗಳನ್ನು ದೇಹ ಬೆಚ್ಚಗಿರುವಾಗ ನಿಧಾನವಾಗಿ ಚಾಚಿ, 10ರಿಂದ 30 ಸೆಕೆಂಡುಗಳ ಕಾಲ ಹಾಗೆಯೇ ಹಿಡಿದು, ಎರಡರಿಂದ ನಾಲ್ಕು ಬಾರಿ ಪುನರಾವರ್ತಿಸಬಹುದು. ಸೆಳೆತದ ಅನುಭವವಾದರೆ ಸಾಕು. ನೋವಾಗುವಷ್ಟು ಎಳೆಯಬಾರದು, ಜಗ್ಗಾಡಬಾರದು.

ಚೇತರಿಕೆಗೆ ನೆರವಾಗುವ ಕ್ರಮಗಳು

ಶ್ರಮವನ್ನು ಹಂತಹಂತವಾಗಿ ಹೆಚ್ಚಿಸುವುದೇ ನೋವು ತಡೆಯುವ ಅತ್ಯುತ್ತಮ ಉಪಾಯ. ಓಡುವ ಅಭ್ಯಾಸವಿಲ್ಲದವರು ಮೊದಲ ವಾರಗಳಲ್ಲಿ ನಡಿಗೆ ಮತ್ತು ಓಟಗಳನ್ನು ಬೆರೆಸಿ ಮಾಡುವುದು ಒಳಿತು. ಪರೀಕ್ಷೆ ಸಮೀಪಿಸಿದಾಗ ಆತುರದಿಂದ ಅಭ್ಯಾಸವನ್ನು ಇಮ್ಮಡಿಗೊಳಿಸುವುದು ಹಿತಕರವಲ್ಲ. ನೋವಿರುವಾಗ ಸಂಪೂರ್ಣವಾಗಿ ಮಲಗಿರುವುದಕ್ಕಿಂತ ಹಗುರವಾಗಿ ನಡೆದಾಡುವುದರಿಂದ ತಾತ್ಕಾಲಿಕ ಶಮನ ದೊರೆಯುತ್ತದೆ.

ಸ್ನಾಯುಗಳ ದುರಸ್ತಿಗೆ ಪ್ರೋಟೀನ್ ಅಗತ್ಯ. ಬೇಳೆ, ಮೊಳಕೆ ಕಾಳು, ಹಾಲು, ಮೊಸರು, ಮೊಟ್ಟೆ, ಮೀನುಗಳಿಂದ ಇದು ದೊರೆಯುತ್ತದೆ. ದುಬಾರಿ ಪುಡಿಗಳು ಅನಿವಾರ್ಯವಲ್ಲ. ವಯಸ್ಕರಿಗೆ ಕನಿಷ್ಠ ಏಳು ಗಂಟೆಗಳ ನಿದ್ರೆ ಬೇಕು. ರಾತ್ರಿಪಾಳಿ ಮುಗಿಸಿದವರು ನಿದ್ರೆಗೆಟ್ಟ ದೇಹದಿಂದಲೇ ಕಠಿಣ ವ್ಯಾಯಾಮಕ್ಕೆ ತೊಡಗದೆ, ಮೊದಲು ವಿಶ್ರಾಂತಿ ಪಡೆಯುವುದು ಲೇಸು. ಕರಾವಳಿಗೆ ಸಮೀಪದ ಈ ಪ್ರದೇಶದ ಸೆಕೆಯಲ್ಲಿ ಬೆವರು ಹೆಚ್ಚು ಸುರಿಯುವುದರಿಂದ ಆಗಾಗ್ಗೆ ನೀರು ಕುಡಿಯಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲೇರುವ ಮುನ್ನವೇ ವ್ಯಾಯಾಮ ಮುಗಿಸಬೇಕು.

ಅಪಾಯದ ಸೂಚನೆಗಳು

ಸಾಧಾರಣ ನೋವು ಐದಾರು ದಿನಗಳಲ್ಲಿ ತಾನಾಗಿಯೇ ಶಮನಗೊಳ್ಳುತ್ತದೆ. ಆದರೆ ಅತಿಶ್ರಮದ ಅನಂತರ ಮೂತ್ರವು ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯುಗಳು ವಿಪರೀತ ಊದಿಕೊಂಡರೆ ಅಥವಾ ಕೈಕಾಲುಗಳು ತೀರ ನಿಶ್ಶಕ್ತವಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸ್ನಾಯುಕೋಶಗಳು ಒಡೆದು, ಮಯೋಗ್ಲೋಬಿನ್ ಎಂಬ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿಯಾಗುತ್ತಿರುವ ಸೂಚನೆ ಇದಾಗಿರಬಹುದು. ಬೆವರಿ ಬಳಲಿದ ದೇಹಕ್ಕೆ ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂತಹ ನೋವುನಿವಾರಕಗಳೂ ಮೂತ್ರಪಿಂಡದ ಹೊರೆಯನ್ನು ಹೆಚ್ಚಿಸಬಲ್ಲವು. ವೈದ್ಯರ ಸಲಹೆಯಿಲ್ಲದೆ ಇವನ್ನು ಸೇವಿಸಬಾರದು. ವ್ಯಾಯಾಮದ ವೇಳೆ ಎದೆನೋವು, ತಲೆಸುತ್ತು ಕಾಣಿಸಿಕೊಂಡರೆ ತಕ್ಷಣ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಬೇಕು. ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ಕಾರ್ಮಿಕರು ಮತ್ತು ಅವರ ಅವಲಂಬಿತರು ಆ ಯೋಜನೆಯ ಚಿಕಿತ್ಸಾಲಯಗಳ ಸೌಲಭ್ಯವನ್ನು ಬಳಸಿಕೊಳ್ಳಬಹುದು.

ಮಿತವಾಗಿ ಆರಂಭಿಸಿ, ನಿಯಮಿತವಾಗಿ ಮುಂದುವರಿಸಿ, ದೇಹಕ್ಕೆ ಚೇತರಿಸಿಕೊಳ್ಳಲು ಕಾಲಾವಕಾಶ ನೀಡಿದಲ್ಲಿ ವ್ಯಾಯಾಮದ ಪೂರ್ಣ ಪ್ರಯೋಜನ ದೊರೆಯುವುದು.