ಎರಡು ನುಡಿಯ ಮನೆಯಲ್ಲಿ ಬೆಳೆಯುವ ಕೂಸು

ಶ್ರೀರಂಗಪಟ್ಟಣದಿಂದ ಬನ್ನೂರಿನ ಕಡೆಗೆ ಹೊರಟರೆ ಕಾವೇರಿ ಬಯಲಿನ ಗದ್ದೆಗಳ ನಡುವೆ ಸಿಗುವ ಅರಕೆರೆ ಒಂದು ಹೋಬಳಿ ಕೇಂದ್ರ. ನಾಲೆ ನೀರು, ಭತ್ತ, ಕಬ್ಬು, ಹೈನು ಇಲ್ಲಿಯ ಬದುಕಿನ ಆಧಾರ. ಮಂಡ್ಯವೆಂದರೆ ಅಚ್ಚ ಕನ್ನಡದ ಜಿಲ್ಲೆ ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಹೊಲ, ಸಂತೆ, ಶಾಲೆ, ದೇವಸ್ಥಾನ ಎಲ್ಲಿಗೆ ಹೋದರೂ ಆ ಮಾತು ನಿಜವೇ. ಆದರೆ ಅರಕೆರೆ ಸುತ್ತಿನಲ್ಲೂ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲೂ ಈಗ ಕೆಲವು ಮನೆಗಳ ಒಳಗೆ ಬೇರೊಂದು ನುಡಿಯೂ ಕೇಳುತ್ತದೆ. ಸೊಸೆ ದೂರದ ಜಿಲ್ಲೆಯವಳು, ಕೆಲವೊಮ್ಮೆ ದೂರದ ರಾಜ್ಯದವಳು. ಅತ್ತೆಯ ಮಾತು ಒಂದು, ಸೊಸೆಯ ಮಾತು ಇನ್ನೊಂದು. ಇಬ್ಬರ ಮಡಿಲಲ್ಲೂ ಬೆಳೆಯುತ್ತಿರುವುದು ಒಂದೇ ಕೂಸು.

ಇಂಥ ಮದುವೆಗಳ ಬಗ್ಗೆ ಸಾರ್ವಜನಿಕ ಚರ್ಚೆ ಬೇಕಾದಷ್ಟು ನಡೆದಿದೆ. ನಡೆದದ್ದೆಲ್ಲ ಗಂಡಿನ ಕಡೆಯಿಂದ: ರೈತನ ಮಗನಿಗೆ ಹೆಣ್ಣು ಸಿಗುತ್ತಿಲ್ಲ, ಏನು ಮಾಡುವುದು ಎಂದು. ಹೆಣ್ಣು ಸಿಕ್ಕಿ, ಮದುವೆಯಾಗಿ, ಮಗು ಹುಟ್ಟಿದ ಮೇಲಿನ ಐದಾರು ವರ್ಷ ಆ ಮನೆಯಲ್ಲಿ ಏನಾಗುತ್ತದೆ ಎಂಬುದು ಚರ್ಚೆಯ ಅಂಚಿಗೂ ಬಂದಿಲ್ಲ. ಮಗುವಿನ ಪಾಲಿಗಂತೂ ಆ ಐದಾರು ವರ್ಷಗಳೇ ಎಲ್ಲಕ್ಕಿಂತ ದೊಡ್ಡವು.

ಹೆಣ್ಣು ಸಿಗದ ಸೀಮೆ

ಈ ಸ್ಥಿತಿ ಒಂದೇ ದಿನದಲ್ಲಿ ಒದಗಿದ್ದಲ್ಲ. 1991ರ ಜನಗಣತಿಯಲ್ಲಿ ಕರ್ನಾಟಕದ ಆರು ವರ್ಷದೊಳಗಿನ ಮಕ್ಕಳಲ್ಲಿ 1,000 ಗಂಡುಗಳಿಗೆ 960 ಹೆಣ್ಣುಗಳಿದ್ದರು. 2001ರಲ್ಲಿ ಆ ಸಂಖ್ಯೆ 946ಕ್ಕೆ ಕುಸಿಯಿತು, 2011ರಲ್ಲಿ 948ರ ಆಸುಪಾಸಿನಲ್ಲೇ ನಿಂತಿತು. 2001ರಲ್ಲಿ ಎಣಿಕೆಯಾದ ಆ ಮಕ್ಕಳೇ ಇಂದು ಮದುವೆಯ ವಯಸ್ಸಿನವರು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂದಿದ್ದರೂ ಅದರ ಕೈ ಎಷ್ಟು ದೂರ ಚಾಚಿತೆಂಬುದನ್ನು ಮಂಡ್ಯವೇ ತೋರಿಸಿಕೊಟ್ಟಿದೆ. 2023ರ ನವೆಂಬರ್‌ನಲ್ಲಿ ಬಯಲಾದ ಜಾಲವೊಂದು ಇಲ್ಲಿಯ ಆಲೆಮನೆಯಲ್ಲೇ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತು. ಆರು ತಿಂಗಳ ಬಳಿಕ, 2024ರ ಮೇ ತಿಂಗಳಲ್ಲಿ, ಪಾಂಡವಪುರ ಪಟ್ಟಣದ ಸರ್ಕಾರಿ ವಸತಿಗೃಹವೊಂದರಲ್ಲಿ ಅಂಥದೇ ಕೃತ್ಯ ಪತ್ತೆಯಾಯಿತು. ಹುಟ್ಟಬೇಕಿದ್ದ ಹೆಣ್ಣುಮಕ್ಕಳನ್ನು ತಡೆದ ಸೀಮೆಯೇ ಈಗ ಸೊಸೆಯನ್ನು ಹುಡುಕಿ ಊರೂರು ಅಲೆಯುತ್ತಿದೆ. ಈ ನಂಟನ್ನು ಮುಚ್ಚಿಟ್ಟು ಉಳಿದ ಕಾರಣಗಳನ್ನಷ್ಟೇ ಹೇಳುವುದು ಪ್ರಾಮಾಣಿಕವಾಗದು.

ಉಳಿದ ಕಾರಣಗಳೂ ಇವೆ. ಜಮೀನು ಪಾಲಾಗುತ್ತ ಬಂದು ತುಂಡಾಗಿದೆ. ಕಬ್ಬಿನ ಹಣ ಸಕಾಲಕ್ಕೆ ಕೈ ಸೇರುವ ಖಾತರಿಯಿಲ್ಲ. ಓದಿದ ಹೆಣ್ಣುಮಕ್ಕಳು ಮೈಸೂರು, ಬೆಂಗಳೂರುಗಳಲ್ಲಿ ಕೆಲಸ ಹಿಡಿದು, ಅಲ್ಲಿಯೇ ನೆಲೆಸುವ ಗಂಡನನ್ನು ಬಯಸಿದರೆ ಅದನ್ನು ತಪ್ಪೆನ್ನುವ ಹಕ್ಕು ಯಾರಿಗೂ ಇಲ್ಲ. ಪರಿಣಾಮ ಮಾತ್ರ ಕಣ್ಣಿಗೆ ರಾಚುವಂತಿದೆ. 2022ರ ನವೆಂಬರ್‌ನಲ್ಲಿ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಡೆದ ವಧು–ವರರ ಸಮಾವೇಶಕ್ಕೆ ಹೆಸರು ಕೊಟ್ಟ ಹೆಣ್ಣುಗಳು ಕೆಲವು ನೂರು, ಗಂಡುಗಳು 10,000ಕ್ಕೂ ಹೆಚ್ಚು. ಮರು ಫೆಬ್ರುವರಿಯಲ್ಲಿ ಮೂವತ್ತು ದಾಟಿದ ಅವಿವಾಹಿತರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಪಾದಯಾತ್ರೆ ಮಾಡಿದರು. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣಿಗೆ 2 ಲಕ್ಷ ರೂಪಾಯಿ ಕೊಡುವ ಭರವಸೆಯೂ ಕೇಳಿಬಂತು.

ಬಂದವರು, ಹೋಗಿ ಬಂದವರು

ಹೀಗೆ ಕೆಲವು ಮನೆಗಳಿಗೆ ಉತ್ತರ ಕರ್ನಾಟಕದಿಂದ, ನೆರೆಯ ರಾಜ್ಯಗಳ ಗಡಿ ಸೀಮೆಗಳಿಂದ, ಅಪರೂಪಕ್ಕೆ ಇನ್ನೂ ದೂರದಿಂದ ಸೊಸೆಯಂದಿರು ಬರುತ್ತಿದ್ದಾರೆ. ಎಲ್ಲ ಸಂಬಂಧಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಕೆಲವು, ಬೆಂಗಳೂರಿನ ಕಾರ್ಖಾನೆಯಲ್ಲಿ ಜೊತೆಗೆ ದುಡಿದು ಮೆಚ್ಚಿ ಆದವು. ಕೆಲವು ನೆಂಟರಿಷ್ಟರ ಮೂಲಕ ಕೂಡಿಬಂದವು. ಇನ್ನು ಕೆಲವು ದಲ್ಲಾಳಿ ಕೈಗೆ ಹಣ ಬಿದ್ದ ಮೇಲೆ ಕುದುರಿದವು. ಅಲ್ಲಿ ಹೆಣ್ಣಿನ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ, ಗಂಡಿನ ಮನೆಗೂ ಸತ್ಯ ತಿಳಿದಿರುವುದಿಲ್ಲ.

ಬೇರೆ ದಾರಿಗಳಲ್ಲೂ ಭಾಷೆಗಳು ಇಲ್ಲಿಗೆ ಬಂದಿವೆ. ಕೆ.ಆರ್. ಪೇಟೆ ಮತ್ತು ನಾಗಮಂಗಲದ ಸಾವಿರಾರು ಕುಟುಂಬಗಳಿಗೆ ಮುಂಬೈ ದುಡಿಮೆಯ ಊರು. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಅವರು ಒಟ್ಟಾಗಿ ಮರಳಿದಾಗ ಮಂಡ್ಯ ಜಿಲ್ಲೆಯ ಕೊರೊನಾ ಪ್ರಕರಣಗಳು ಏಕಾಏಕಿ ಏರಿದವು. ಆಗಲೇ ನಾಡಿಗೆ ಈ ವಲಸೆಯ ಗಾತ್ರ ಗೊತ್ತಾದದ್ದು. ಅವರ ಜೊತೆ ಬಂದ ಮಕ್ಕಳಿಗೆ ಅಜ್ಜಿಯ ಮನೆ ಹಬ್ಬದ ಊರಾಗಿತ್ತೇ ಹೊರತು ಬೀದಿಯಲ್ಲಿ ಆಡಿ ಕಲಿತ ಮಾತು ಹಿಂದಿ, ಮರಾಠಿ. ಇತ್ತ ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದಲೂ ಆಲೆಮನೆ ಕೆಲಸಕ್ಕೆ ಉತ್ತರ ಪ್ರದೇಶ, ಬಿಹಾರಗಳಿಂದಲೂ ಬರುವವರು ಕೆಲವೆಡೆ ಹೆಂಡತಿ ಮಕ್ಕಳ ಸಮೇತ ಗದ್ದೆ ಬದಿಯ ಗುಡಿಸಲಲ್ಲೇ ತಿಂಗಳುಗಟ್ಟಲೆ ಇರುತ್ತಾರೆ. ಅವರ ಮಕ್ಕಳ ಪಾಡು ಪ್ರತ್ಯೇಕ ಲೇಖನಕ್ಕೇ ವಸ್ತು.

ಹಳೆಯ ಮೇಲ್ಪಂಕ್ತಿ

ಈ ಸೀಮೆಗೆ ಪರನುಡಿ ಹೊಸದಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಹನ್ನೆರಡನೆಯ ಶತಮಾನದಿಂದ ಬೇರೂರಿದ ಶ್ರೀವೈಷ್ಣವ ಮನೆತನಗಳು ಒಳಗೆ ತಮಿಳು, ಹೊರಗೆ ಕನ್ನಡ ಎಂಬ ಪದ್ಧತಿಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. 1905ರಲ್ಲಿ ಅಲ್ಲಿ ಹುಟ್ಟಿ ‘ಗೋಕುಲ ನಿರ್ಗಮನ’ ಬರೆದ ಕವಿಯ ಮನೆಮಾತೂ ತಮಿಳೇ; ಅವರ ಕನ್ನಡ ಅದರಿಂದ ಬಡವಾಗಲಿಲ್ಲ. ಶ್ರೀರಂಗಪಟ್ಟಣದ ಓಣಿಗಳಲ್ಲಿ ದಖನಿ ಉರ್ದು ಇಂದಿಗೂ ಜೀವಂತ. ಹಿರೋಡೆಯ ಬಳಿ ಬೀಡುಬಿಟ್ಟಿದ್ದ ಫ್ರೆಂಚ್ ಸೈನಿಕರಿಂದ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಉಳಿದಿತ್ತು. ಮಂಡ್ಯ ಪಟ್ಟಣದ ತಮಿಳು ಕಾಲೊನಿಯೂ ಅಂಥದೇ ಒಂದು ನೆನಪು.

ಆದರೆ ಹಳೆಯ ಉದಾಹರಣೆಗಳಿಂದ ಪೂರ್ತಿ ಸಮಾಧಾನ ಪಡುವಂತಿಲ್ಲ. ಅವರೆಲ್ಲ ಗುಂಪಾಗಿ ಬಂದವರು. ಅವರ ನುಡಿಗೆ ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರು, ಕೇರಿಯಲ್ಲಿ ನೆರೆಹೊರೆಯಿತ್ತು, ಗುಡಿಯೋ ಮಸೀದಿಯೋ ಇತ್ತು, ಕೊಟ್ಟು ತರುವ ನೆಂಟಸ್ತನವಿತ್ತು. ಈಗ ಬರುವ ಸೊಸೆ ಒಬ್ಬಳೇ ಬರುತ್ತಾಳೆ. ಇಡೀ ಊರಿನಲ್ಲಿ ಆ ನುಡಿಗೆ ಅವಳೊಬ್ಬಳೇ ಆಸರೆ. ಮನೆಯಲ್ಲಿ ಅವಳಿಗೆಷ್ಟು ಬೆಲೆಯೋ ಅವಳ ಮಾತಿಗೂ ಅಷ್ಟೇ ಬೆಲೆ. ಮಗು ಯಾವುದನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಬಿಡುತ್ತದೆ ಎಂಬುದು ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ.

ತೊಟ್ಟಿಲ ಸುತ್ತ

ನಮ್ಮಲ್ಲಿ ಚೊಚ್ಚಲ ಬಾಣಂತನ ತವರುಮನೆಯದು. ಎಣ್ಣೆ ನೀರು, ಕಾಯಿಸಿದ ಕೋಣೆ, ಕಷಾಯ, ಖಾರದ ಪಥ್ಯ ಇವುಗಳ ಜೊತೆಗೆ ಆ ಮೂರು ಅಥವಾ ಐದು ತಿಂಗಳು ತಾಯಿಗೆ ತನ್ನವರ ನಡುವೆ ಸಿಗುವ ವಿಶ್ರಾಂತಿ. ಮಗುವಿಗೆ ತಾಯಿಯ ತಾಯಿಯ ದನಿ. ತವರು ಎರಡು ಹಗಲು ಎರಡು ರಾತ್ರಿಯ ರೈಲು ಪಯಣದಷ್ಟು ದೂರವಿದ್ದರೆ ಇದೆಲ್ಲ ತಪ್ಪುತ್ತದೆ. ಬಾಣಂತನ ಅತ್ತೆಯ ಕೈಯಲ್ಲಿ ಆಗುತ್ತದೆ. ಎಷ್ಟೋ ಅತ್ತೆಯಂದಿರು ಅದನ್ನು ಹೆತ್ತ ಮಗಳಿಗೆ ಮಾಡಿದಂತೆಯೇ ಮಾಡುತ್ತಾರೆ. ಆದರೂ ಮೈ ನೋವನ್ನು, ಎದೆಹಾಲಿನ ತೊಂದರೆಯನ್ನು, ಕಾರಣವಿಲ್ಲದೆ ಉಕ್ಕುವ ಅಳುವನ್ನು ಇನ್ನೂ ಕಲಿಯುತ್ತಿರುವ ಭಾಷೆಯಲ್ಲಿ ಹೇಳಿಕೊಳ್ಳುವ ಕಷ್ಟ ಸಣ್ಣದಲ್ಲ. ಹೆರಿಗೆಯ ನಂತರ ಮನಸ್ಸು ಕುಗ್ಗುವುದು ಕಾಯಿಲೆ ಎಂದು ಗುರುತಿಸುವುದೇ ಹಳ್ಳಿಗಳಲ್ಲಿ ಅಪರೂಪ. ಮಾತು ಬಾರದವಳ ಮೌನವನ್ನು ಬಿಗುಮಾನವೆಂದು ತಿಳಿಯುವುದೇ ಹೆಚ್ಚು.

ಶಾಸ್ತ್ರಗಳಲ್ಲೂ ಇದೇ ಕೊರತೆ. ಮಗುವಿನ ಮೊದಲ ಮುಡಿ ತೆಗೆಸುವಾಗ, ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆ ಬೇಕು. ಸೋದರಮಾವ ಬರಲಾಗದಿದ್ದರೆ ಊರಿನ ಯಾರೋ ಅಣ್ಣನ ಸ್ಥಾನದಲ್ಲಿ ಕೂರುತ್ತಾರೆ. ಇದು ಹಳ್ಳಿಯ ದೊಡ್ಡತನ, ಅನುಮಾನವಿಲ್ಲ. ಆದರೆ ತಾಯಿಯ ಕಡೆಯ ಅರ್ಧ ಬಳಗ ಮಗುವಿಗೆ ಮೊಬೈಲ್ ಪರದೆಯ ಮೇಲಿನ ಮುಖಗಳಾಗಿಯೇ ಉಳಿಯುತ್ತದೆ.

ಊಟದ ವಿಷಯಕ್ಕೆ ಬಂದರೆ, ಆರು ತಿಂಗಳಾದ ಕೂಸಿಗೆ ರಾಗಿ ಸರಿ, ಹಲ್ಲು ಬರುವ ಹೊತ್ತಿಗೆ ಮೆತ್ತಗಿನ ಮುದ್ದೆಯ ತುತ್ತು ಈ ಸೀಮೆಯ ಕ್ರಮ. ಜೋಳದ ರೊಟ್ಟಿಯ ನಾಡಿನಿಂದಲೋ ಗೋಧಿಯ ನಾಡಿನಿಂದಲೋ ಬಂದವಳಿಗೆ ಮುದ್ದೆ ಕಟ್ಟುವುದೇ ಮೊದಲ ಪರೀಕ್ಷೆ. ಉಪ್ಸಾರಿನ ಹದ ಎರಡನೆಯದು. ಇಲ್ಲಿ ಜಗಳ ಹತ್ತುವುದಕ್ಕಿಂತ ಹೊಂದಿಕೆ ಆಗುವುದೇ ಹೆಚ್ಚೆನ್ನಬೇಕು. ಮಗುವಿಗೆ ಎರಡೂ ಅಡುಗೆ ಒಗ್ಗುತ್ತದೆ, ಮನೆಯವರೂ ಕ್ರಮೇಣ ರುಚಿ ಹಿಡಿಯುತ್ತಾರೆ.

ಮಾತಿನಲ್ಲಿ ಅಷ್ಟು ಸುಲಭದ ಹೊಂದಿಕೆ ಕಾಣುವುದಿಲ್ಲ. ಎರಡು ಭಾಷೆ ಕೇಳಿದರೆ ಕೂಸು ಗಲಿಬಿಲಿಗೊಳ್ಳುತ್ತದೆ, ಮಾತು ತಡವಾಗುತ್ತದೆ, ನಿನ್ನ ಭಾಷೆ ಬಿಡು ಎಂದು ಹಿರಿಯರು ಹೇಳುತ್ತಾರೆ. ಅದರ ಹಿಂದೆ ಕೆಡುಕಿಲ್ಲ. ಮಗು ಊರಿನ ಮಕ್ಕಳ ನಡುವೆ ಹೊರಗಿನದಾಗಬಾರದೆಂಬ ಕಾಳಜಿಯಿದೆ. ಆದರೆ ಆ ನಂಬಿಕೆ ಸರಿಯಲ್ಲ. ಲಯದಲ್ಲಿ ಭಿನ್ನವಾದ ಎರಡು ಭಾಷೆಗಳನ್ನು ಶಿಶು ಮಾತು ಕಲಿಯುವ ಮೊದಲೇ ಬೇರ್ಪಡಿಸಿ ಗುರುತಿಸಬಲ್ಲದು. ಎರಡು ನುಡಿಯ ಮಗುವಿಗೆ ಒಂದೊಂದರಲ್ಲಿ ಪದಗಳು ತುಸು ಕಡಿಮೆಯಿರಬಹುದು. ಎರಡನ್ನೂ ಕೂಡಿಸಿ ಎಣಿಸಿದರೆ ಒಂದೇ ನುಡಿಯ ಮಗುವಿಗೆ ಸರಿಸಮ. ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುವುದು ಬೆಳವಣಿಗೆಯ ಸಹಜ ಹಂತ. ನಿಜವಾಗಿ ಮಾತು ತಡವಾದ ಮಗುವಿಗೆ ಕಿವಿ ಪರೀಕ್ಷೆ, ವೈದ್ಯರ ಸಲಹೆ ಬೇಕು. ತಾಯಿಯ ಭಾಷೆಯನ್ನು ದೂರಿ ಕೂತರೆ ಆ ಪರೀಕ್ಷೆಯೇ ತಡವಾಗುತ್ತದೆ.

ಕನ್ನಡವನ್ನಂತೂ ಆ ಮಗು ಕಲಿತೇ ಕಲಿಯುತ್ತದೆ. ಅಜ್ಜಿ, ಅಪ್ಪ, ಬೀದಿ, ಜಾತ್ರೆ, ಅಂಗನವಾಡಿ ಎಲ್ಲವೂ ಅದನ್ನೇ ಕಲಿಸುತ್ತವೆ. ಮೂರು ವರ್ಷಕ್ಕೆ ಮಂಡ್ಯದ ಮಾತನ್ನು ಅಜ್ಜಿಯ ದನಿಯಲ್ಲೇ ಆಡುವ ಮಗು ತಾಯಿಯ ತಪ್ಪು ಕನ್ನಡವನ್ನು ತಿದ್ದುವ ಹೊತ್ತಿಗೆ ಮನೆಯವರೆಲ್ಲ ನಗುತ್ತಾರೆ. ಆ ನಗೆಯಲ್ಲಿ ತಾಯಿಯೂ ಸೇರಬಲ್ಲಳೇ ಎಂಬುದನ್ನು ನೋಡಬೇಕು. ಸೇರಬಲ್ಲಳಾದರೆ ಆ ಮನೆ ಗಟ್ಟಿಯಾಗಿದೆ. ತಲೆ ತಗ್ಗಿಸಿದರೆ, ಅಮ್ಮನ ಮಾತು ಕಡಿಮೆ ಮಾತು ಎಂಬ ಪಾಠ ಮಗುವಿಗೆ ಆಗಲೇ ಮುಟ್ಟಿರುತ್ತದೆ. ಹುಬ್ಬಳ್ಳಿ, ಗದಗ ಕಡೆಯಿಂದ ಬಂದ ತಾಯಿಯ ಕನ್ನಡಕ್ಕೂ ಇದೇ ಗತಿ ಒದಗುವುದುಂಟು. ಕನ್ನಡದೊಳಗಿನ ಕನ್ನಡವನ್ನೇ ಅಣಕಿಸುವ ರೂಢಿ ನಮ್ಮಲ್ಲಿ ಇಂದಿಗೂ ಇದೆ.

ಜಪಾನ್ ಮತ್ತು ಕೊರಿಯಾ ಕಂಡದ್ದು

ರೈತರಿಗೆ ವಧು ಸಿಗದ ಸಂಕಟವನ್ನು ಜಪಾನಿನ ಹಳ್ಳಿಗಳು ನಮಗಿಂತ ನಲವತ್ತು ವರ್ಷ ಮೊದಲೇ ಕಂಡವು. ಯಾಮಗಾತಾ ಪ್ರಾಂತ್ಯದ ಅಸಾಹಿ ಎಂಬ ಊರಿನ ಸ್ಥಳೀಯ ಆಡಳಿತ 1985ರಲ್ಲಿ ತಾನೇ ಮುಂದೆ ನಿಂತು ಫಿಲಿಪೀನ್ಸ್‌ನಿಂದ ವಧುಗಳನ್ನು ಕರೆಸಿತು. ಅತ್ತೆಮನೆಯಲ್ಲಿ ಜಪಾನಿ ಮಾತ್ರ ಆಡಬೇಕೆಂಬ ಒತ್ತಡದಲ್ಲಿ ಅಂಥ ಬಹಳ ತಾಯಂದಿರು ತಮ್ಮ ನುಡಿಯನ್ನು ಮಕ್ಕಳಿಗೆ ದಾಟಿಸಲಾರದೆ ಹೋದರು. ದಕ್ಷಿಣ ಕೊರಿಯಾ ಇಂಥ ಕುಟುಂಬಗಳ ಬೆಂಬಲಕ್ಕೆ 2008ರಲ್ಲಿ ಕಾನೂನನ್ನೇ ಮಾಡಿತು. ಮೊದಲು ತಾಯಿಗೆ ಕೊರಿಯನ್ ಕಲಿಸುವುದಕ್ಕೇ ಒತ್ತು ಕೊಟ್ಟ ಆ ವ್ಯವಸ್ಥೆ, ನಂತರದ ವರ್ಷಗಳಲ್ಲಿ ಮನೆಯಲ್ಲಿ ಎರಡೂ ಭಾಷೆ ಉಳಿಸಿಕೊಳ್ಳಲು ನೆರವಾಗುವ ಕಡೆಗೆ ತಿರುಗಿತು. ದೇಶ ಬೇರೆ, ಪೌರತ್ವದ ಪ್ರಶ್ನೆಯೂ ಬೇರೆ; ಇಲ್ಲಿಯ ಸೊಸೆ ಈ ದೇಶದವಳೇ. ಆದರೂ ಆ ತಿರುವು ನಾವು ಗಮನಿಸಬೇಕಾದದ್ದು.

ಕನ್ನಡದ ಕಾಳಜಿ ಮತ್ತು ಸರ್ಕಾರದ ಬಾಗಿಲು

ಹಿಂದಿ ಹೇರಿಕೆಯ ಆತಂಕ ಇರುವ ಈ ಕಾಲದಲ್ಲಿ ಮಂಡ್ಯದ ಮನೆಯೊಳಗೂ ಪರಭಾಷೆಗೆ ಜಾಗ ಕೊಡಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಅಸಂಗತವಲ್ಲ, ಭಾಷೆಯೊಂದು ತನ್ನ ನೆಲದಲ್ಲೇ ಹಿಂದೆ ಸರಿಯುವ ಭಯ ನಿಜವಾದದ್ದು. ಆದರೆ ಹಳ್ಳಿಯ ಕನ್ನಡಕ್ಕೆ ಇಂದು ಎದುರಾಗಿರುವುದು ಪರಊರ ತಾಯಿಯ ಲಾಲಿಯಲ್ಲ, ಮೂರೂವರೆ ವರ್ಷದ ಮಗುವನ್ನು ಹತ್ತಿಸಿಕೊಂಡು ಪಟ್ಟಣಕ್ಕೆ ಹೋಗುವ ಇಂಗ್ಲಿಷ್ ಮಾಧ್ಯಮದ ಶಾಲಾ ವಾಹನ. ಮಾತೃಭಾಷೆ ಅಥವಾ ಕನ್ನಡದಲ್ಲೇ ಪ್ರಾಥಮಿಕ ಶಿಕ್ಷಣ ಎಂಬ ರಾಜ್ಯದ 1994ರ ನೀತಿ 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ತಾಯ್ನುಡಿಯ ಪರವಾಗಿ ಅಂದು ನಾವು ಮಂಡಿಸಿದ ವಾದ ಎಲ್ಲ ತಾಯಂದಿರ ನುಡಿಗೂ ಅನ್ವಯಿಸುತ್ತದೆ.

ಕಾಗದಪತ್ರದ ತೊಡಕು ಇನ್ನೊಂದು ಬಗೆಯದು. ಬೇರೆ ರಾಜ್ಯದ ಪಡಿತರ ಚೀಟಿಯಿಂದ ಹೆಸರು ತೆಗೆಸದೆ ಇಲ್ಲಿ ಸೇರಿಸಲಾಗದು. ತೆಗೆಸಲು ಕೆಲವೊಮ್ಮೆ ತವರಿಗೇ ಹೋಗಬೇಕಾಗುತ್ತದೆ. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಗೆ, ಅಂದರೆ ಕೂಡು ಕುಟುಂಬಗಳಲ್ಲಿ ಸಾಮಾನ್ಯವಾಗಿ ಅತ್ತೆಗೆ. ಇದರಲ್ಲಿ ಅನ್ಯಾಯವಿದೆ ಎನ್ನಲಾಗದು. ಆದರೆ ಸ್ವಂತ ಕೈಯಲ್ಲಿ ಕಾಸಿಲ್ಲದ, ಚೀಟಿಯಲ್ಲಿ ಹೆಸರಿಲ್ಲದ ತಾಯಿ ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಲೂ ಯಾರನ್ನಾದರೂ ಕೇಳಿಯೇ ಹೊರಡಬೇಕಾಗುತ್ತದೆ.

ದೇಶದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು 1975ರ ಅಕ್ಟೋಬರ್ 2ರಂದು, ಈ ಸೀಮೆಗೆ ಹತ್ತಿರದ ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದ ಹಳ್ಳಿಯ ಬಸುರಿ, ಬಾಣಂತಿ, ಎಳೆಯ ಮಕ್ಕಳ ಮನೆ ಬಾಗಿಲಿಗೆ ಹೋಗುವ ಸರ್ಕಾರವೆಂದರೆ ಅಂಗನವಾಡಿ ಕಾರ್ಯಕರ್ತೆ. ಹೊಸ ಸೊಸೆಗೆ ತಾಯಿ ಕಾರ್ಡ್ ಇದೆಯೇ, ಮದುವೆ ನೋಂದಣಿಯಾಗಿದೆಯೇ, ಅವಳನ್ನು ಒಪ್ಪಿಸಿ ತಂದರೋ ಕೊಂಡು ತಂದರೋ ಎಂಬುದು ಊರಿನಲ್ಲಿ ಮೊದಲು ಅರಿವಾಗುವುದೂ ಆ ಕಾರ್ಯಕರ್ತೆಗೇ. ಈಗಾಗಲೇ ಹೊರೆ ಹೊತ್ತಿರುವ ಅವಳ ಮೇಲೆ ಇನ್ನೊಂದು ನಮೂನೆ ಹೇರುವುದು ಸಲ್ಲದು. ಬೇಕಿರುವುದು ಸ್ವಲ್ಪವೇ: ಮಗುವಿನ ಮನೆಯಲ್ಲಿ ಯಾವ ಮಾತುಗಳಿವೆ ಎಂದು ದಾಖಲಿಸುವ ಒಂದು ಸಾಲು, ಎರಡು ನುಡಿಯ ಮಗುವಿನ ಬಗ್ಗೆ ತರಬೇತಿಯಲ್ಲಿ ಒಂದು ಪಾಠ, ತಾಯಂದಿರ ಸಭೆಗೆ ಪರಊರ ಸೊಸೆಯೂ ಬರುವಂತೆ ಅತ್ತೆಗೆ ಹೇಳುವ ಅಧಿಕಾರ. ಶಾಲಾ ದಾಖಲಾತಿಯ ದಿನ ಅರ್ಜಿಯ ಮಾತೃಭಾಷೆಯ ಅಂಕಣವನ್ನು ಈಗ ಹೆಚ್ಚಾಗಿ ಅಪ್ಪಂದಿರು ಅಭ್ಯಾಸಬಲದಿಂದ ತುಂಬುತ್ತಾರೆ. ಆ ದಿನ ತಾಯಿಯನ್ನೂ ಕರೆಸಿ, ಅವಳನ್ನೇ ಕೇಳಿ ಬರೆದುಕೊಳ್ಳಲು ಯಾವ ಹೊಸ ಆದೇಶವೂ ಬೇಕಿಲ್ಲ.