ಗಡಿ ಮೀರಿದ ಮಾರುಕಟ್ಟೆಗೆ ಕಾನೂನಿನ ವಿಶೇಷ ಅಧ್ಯಯನ

ಮಾರುಕಟ್ಟೆಯಲ್ಲಿ ಪ್ರಾಬಲ್ಯ ಪಡೆದ ಸಂಸ್ಥೆ ಪ್ರತಿಸ್ಪರ್ಧಿಗಳನ್ನು ಅನ್ಯಾಯವಾಗಿ ಹೊರಗಿಡದಂತೆ ತಡೆಯುವುದು ಸ್ಪರ್ಧಾ ಕಾನೂನಿನ ಹೊಣೆಯಾದರೆ, ದೋಷಯುಕ್ತ ಸರಕಿನಿಂದಲೋ ಸುಳ್ಳು ಜಾಹೀರಾತಿನಿಂದಲೋ ನಷ್ಟವಾದವರಿಗೆ ಪರಿಹಾರ ಕೊಡಿಸುವುದು ಗ್ರಾಹಕ ಕಾನೂನಿನ ಹೊಣೆ. ಇವೆರಡನ್ನೂ ವಿವಿಧ ದೇಶಗಳ ಕಾನೂನುಗಳೊಡನೆ ತೌಲನಿಕವಾಗಿ ಕಲಿಸುವ ಎಲ್‌ಎಲ್‌.ಎಂ., ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಇಂದು ವಿಶೇಷ ಮಹತ್ವ ಪಡೆದಿದೆ.

ಗೂಗಲ್‌ನ ಆಂಡ್ರಾಯ್ಡ್ ಪ್ರಕರಣವನ್ನೇ ನೋಡಬಹುದು. ಪ್ಲೇ ಸ್ಟೋರ್ ಬೇಕಿದ್ದ ಫೋನ್ ತಯಾರಕರು ಗೂಗಲ್‌ನ ಇತರ ಆ್ಯಪ್‌ಗಳನ್ನೂ ಮೊದಲೇ ಅಳವಡಿಸಬೇಕೆಂಬ ಷರತ್ತು ಸೇರಿದಂತೆ ಹಲವು ಕಾರಣಗಳಿಗಾಗಿ ಐರೋಪ್ಯ ಆಯೋಗವು 2018ರಲ್ಲಿ 434 ಕೋಟಿ ಯೂರೊ ದಂಡ ವಿಧಿಸಿದರೆ, ಭಾರತೀಯ ಸ್ಪರ್ಧಾ ಆಯೋಗವು 2022ರಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಭಾರತದ ಮೇಲ್ಮನವಿ ನ್ಯಾಯಮಂಡಳಿ ಈ ದಂಡವನ್ನು ಎತ್ತಿಹಿಡಿದರೂ ಸ್ಪರ್ಧಾ ಆಯೋಗದ ಕೆಲವು ನಿರ್ದೇಶನಗಳನ್ನು ರದ್ದುಪಡಿಸಿತು. ಒಂದೇ ಬಗೆಯ ಒಪ್ಪಂದವನ್ನು ಎರಡು ವ್ಯವಸ್ಥೆಗಳು ಹೇಗೆ ತೂಗಿದವು, ಪ್ರಾಬಲ್ಯವನ್ನು ಯಾವ ಸಾಕ್ಷ್ಯದಿಂದ ನಿರ್ಧರಿಸಿದವು ಎಂಬುದನ್ನು ಅರಿಯಲು ಕಾನೂನಿನ ಜೊತೆಗೆ ಅರ್ಥಶಾಸ್ತ್ರದ ತಿಳಿವಳಿಕೆಯೂ ಬೇಕು; ಈ ಅಧ್ಯಯನದ ನಿಜವಾದ ಸತ್ತ್ವ ಇರುವುದು ಇಲ್ಲಿಯೇ.

ಇಂತಹ ದಂಡದ ಹಣ ಬಳಕೆದಾರರ ಕೈ ಸೇರುವುದಿಲ್ಲ. ಗ್ರಾಹಕ ಕಾನೂನಿನ ಹಾದಿ ಬೇರೆ: ಭಾರತದಲ್ಲಿ ಸರಕು ಅಥವಾ ಸೇವೆಯ ದೋಷದಿಂದ ನಷ್ಟವಾದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು.