ಆವರ್ತನೆಯ ಮೂರು ರೂಪಗಳು ಮತ್ತು ಅವುಗಳ ಪರಿವರ್ತನೆ

ಗಣಕದಿಂದ ಒಂದೇ ಕ್ರಿಯೆಯನ್ನು ಮತ್ತೆ ಮತ್ತೆ ಮಾಡಿಸುವ ರಚನೆಗೆ ಆವರ್ತನೆ ಅಥವಾ ಲೂಪ್ ಎಂದು ಹೆಸರು. ಕೃಷ್ಣಾ ಸೀಮೆಯ ಉಗಾರ ಬುದ್ರುಕದಿಂದ ಕಬ್ಬು ಹೇರಿಕೊಂಡು, ನೆರೆಯ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ನಿಲ್ಲುವ ಗಾಡಿಗಳ ತೂಕವನ್ನು ಕೂಡಿಸುವ ಕೆಲಸವನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ.

ಗಾಡಿಗಳು 40 ಎಂದು ಮೊದಲೇ ತಿಳಿದಿದ್ದರೆ ಫಾರ್ ರೂಪವು ಸಹಜ. ಸಾಲಿನಲ್ಲಿ ಗಾಡಿಯಿರುವವರೆಗೆ ತೂಗಬೇಕಾದರೆ ವೈಲ್ ರೂಪವು ಉಚಿತ. ಇದರಲ್ಲಿ ಪರೀಕ್ಷೆ ಮೊದಲು, ಕ್ರಿಯೆ ಅನಂತರ. ಡೂ-ವೈಲ್ ರೂಪದಲ್ಲಿ ಈ ಕ್ರಮವು ತಿರುಗುಮುರುಗು.

ಫಾರ್ ರೂಪವನ್ನು ವೈಲ್ ಆಗಿ ಮಾರ್ಪಡಿಸಲು, ಎಣಿಕೆಯ ಆರಂಭದ ಬೆಲೆಯಾದ 1ನ್ನು ಆವರ್ತನೆಯ ಮುಂಚೆಯೂ, '40ನ್ನು ಮೀರಿಲ್ಲ' ಎಂಬ ನಿಬಂಧನೆಯನ್ನು ಅದರ ತಲೆಯಲ್ಲಿಯೂ, ಒಂದನ್ನು ಕೂಡಿಸುವ ಕ್ರಿಯೆಯನ್ನು ಕೊನೆಯಲ್ಲಿಯೂ ಇರಿಸತಕ್ಕದ್ದು. ಆದರೆ ಸಿ ಭಾಷೆಯಲ್ಲಿ ಬರಿದಾದ ಗಾಡಿಯನ್ನು ಬಿಟ್ಟು ಸಾಗಲು ಕಂಟಿನ್ಯೂ ಆಜ್ಞೆಯನ್ನು ಬಳಸಿದ್ದರೆ, ಫಾರ್‌ನಲ್ಲಿ ಎಣಿಕೆ ಮುಂದುವರಿಯುತ್ತದೆ. ವೈಲ್‌ನಲ್ಲಿ ಕೊನೆಯ ಕ್ರಿಯೆಯೇ ತಪ್ಪಿ, ಗಣಕವು ಅದೇ ಗಾಡಿಯನ್ನು ಕೊನೆಯಿಲ್ಲದೆ ಪರೀಕ್ಷಿಸುತ್ತಿರುತ್ತದೆ. ಆದುದರಿಂದ ಆ ಆಜ್ಞೆಯ ಮುನ್ನವೂ ಒಂದನ್ನು ಕೂಡಿಸಬೇಕು.

ಸಾಲು ಬರಿದಾದ ದಿನ ವೈಲ್ ಸುಮ್ಮನಿರುತ್ತದೆ. ಡೂ-ವೈಲ್ ಇಲ್ಲದ ಗಾಡಿಯನ್ನು ತೂಗಲು ಹೊರಡುತ್ತದೆ. ಆದ್ದರಿಂದ ವೈಲನ್ನು ಡೂ-ವೈಲ್ ಆಗಿಸುವಾಗ ಮುಂದೊಂದು ಇಫ್ ಕಾವಲು ಅವಶ್ಯ. ಈ ಭೇದವು ಅಲ್ಪವಲ್ಲ. 1966ರ ಪ್ರಮಾಣಕದ ಕಾಲದ ಅನೇಕ ಫೋರ್‌ಟ್ರಾನ್ ಅನುವಾದಕಗಳಲ್ಲಿ ಡೂ ಆವರ್ತನೆಯು ಒಮ್ಮೆಯಾದರೂ ನಡೆಯುತ್ತಿತ್ತು. 1977ರ ಪ್ರಮಾಣಕವು ಅದನ್ನು ಒಮ್ಮೆಯೂ ನಡೆಸದಿರಲು ಎಡೆಗೊಟ್ಟಿತು. ಅಕ್ಷರವೊಂದೂ ಬದಲಾಗದ ಕ್ರಮವಿಧಿಯ ಉತ್ತರವು ಹೀಗೆ ಬದಲಾಗಬಹುದಾಗಿತ್ತು.

ಪರಿವರ್ತನೆಯಲ್ಲಿ ರೂಪವು ಬೇರೆಯಾಗಬಹುದು, ಫಲವು ಬೇರೆಯಾಗಕೂಡದು. ಸೊನ್ನೆ, ಒಂದು, ಹಲವು ಗಾಡಿಗಳಿಂದಲೂ, ನಡುವೆ ಬರಿದಾದ ಗಾಡಿಯೊಂದರಿಂದಲೂ ಎರಡು ರೂಪಗಳನ್ನು ಪರೀಕ್ಷಿಸಿದ ಬಳಿಕವೇ ವಿದ್ಯಾರ್ಥಿಯು ಅವನ್ನು ಸಮವೆಂದು ಎಣಿಸಬೇಕು.